ಹುಲಿಗೆಮ್ಮ ಬಿಟ್ಟುಕೊಟ್ಟ ಕುರ್ಚಿ

2141ರ ಫೆಬ್ರವರಿ 30, ಮಧ್ಯಾಹ್ನ

ಎಸ್ತೇರಮ್ಮ ಸಿಸ್ಟರ್ ಅವರಿಗೆ,

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನಗಳನ್ನು ಮೇ ಕೊನೆಗೆ ಸೇರಿಸಿ ‘ಬಿಸಿಲುರಜೆ’ ಎಂದು ಕರೆದಿದ್ದೇವೆ. ಆ ಐದು ದಿನ ಯಾರೂ ಹೊಸ್ತಿಲು ದಾಟುವುದಿಲ್ಲ. ನನ್ನ ಮಾತುಗಳು ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನೀವು ಶುರುಮಾಡಿದ ಕೆಂಪು ರಟ್ಟಿನ ಪುಸ್ತಕದಿಂದ, ಅದೂ ಕಳೆದ ಒಂಬತ್ತು ದಿನಗಳಲ್ಲಿ.

ನನ್ನ ಹೆಸರು ದಾಕ್ಷಾಯಣಿ. ತುಂಗಭದ್ರೆಯ ದಂಡೆಯ ಈ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನೀವು ಹೆಡ್ ನರ್ಸ್ ಆಗಿದ್ದಿರಿ. ಈಗ ಅಲ್ಲೇ ನನ್ನ ಕೆಲಸ. ನಿಮ್ಮ ಕಾಲದ್ದೆಂದು ಉಳಿದಿರುವುದು ಹೊರಗಿನ ಸವೆದ ಮೆಟ್ಟಿಲು ಮಾತ್ರ. ನರ್ಸ್ ಎಂಬ ಮಾತು ನಮ್ಮಲ್ಲಿಲ್ಲ. ನಮ್ಮನ್ನು ‘ನೋಡುಗಿತ್ತಿ’ಯರು ಎನ್ನುತ್ತಾರೆ. ಹೆಸರೇನೋ ಚೆನ್ನಾಗಿದೆ, ಆದರೆ ನಾವು ನೋಡುವುದು ರೋಗಿಯನ್ನಲ್ಲ, ನಾಡಿಕುರ್ಚಿಯ ದೀಪವನ್ನು. ನಾಡಿಕುರ್ಚಿ ಎಂದರೆ ಕೂತವರ ನಾಡಿ, ರಕ್ತದೊತ್ತಡ, ಉಸಿರು, ಮೈಬಿಸಿ ಎಲ್ಲವನ್ನೂ ತಾನೇ ಅಳೆಯುವ ಕುರ್ಚಿ. ಒಳಗೆ ಬಂದವರು ಬಾಗಿಲಲ್ಲಿ ಹೆಸರು ಹೇಳಿ ಒಂದು ಕುರ್ಚಿ ಹಿಡಿಯಬೇಕು. ತಲೆಯ ಮೇಲೆ ಕೆಂಪು ದೀಪ ಹತ್ತಿದರೆ ತಕ್ಷಣ ಒಳಗೆ, ಹಳದಿಯಾದರೆ ಗಂಟೆಯೊಳಗೆ, ಹಸಿರಾದರೆ ಸರದಿಯ ಕೊನೆಗೆ. ಅರವತ್ತು ಕುರ್ಚಿಗೆ ನಾವು ಇಬ್ಬರು ನೋಡುಗಿತ್ತಿಯರು. ಮೊದಲು ಹದಿನಾಲ್ಕು ಮಂದಿ ಇದ್ದರಂತೆ. ಕುರ್ಚಿ ಬಂದ ಮೇಲೆ ಅಷ್ಟು ಕೈ ಯಾಕೆ ಎಂದು ಮೇಲಿನವರು ಹನ್ನೆರಡು ಮಂದಿಯನ್ನು ಕಳಿಸಿಬಿಟ್ಟರು. ರೋಗಿಯನ್ನು ಮುಟ್ಟುವುದು ಈಗ ತಪ್ಪೇನಲ್ಲ, ಆದರೆ ಮುಟ್ಟಿದವಳನ್ನು ಕೆಲಸಗಳ್ಳಿ ಎಂಬಂತೆ ನೋಡುತ್ತಾರೆ. ನಾನು ಹನ್ನೊಂದು ವರ್ಷದಲ್ಲಿ ಎಷ್ಟು ಮಣಿಕಟ್ಟು ಹಿಡಿದಿದ್ದೇನೆ ಎಂದು ಬೆರಳಲ್ಲಿ ಎಣಿಸಬಹುದು.

ಈ ತಿಂಗಳ ಹತ್ತೊಂಬತ್ತರಂದು ಮಧ್ಯಾಹ್ನ ಹುಲಿಗೆಮ್ಮ ಎಂಬ ಹೆಂಗಸು ಒಬ್ಬರೇ ಬಂದರು. ಅರವತ್ತೆಂಟು ವರ್ಷ, ಸಕ್ಕರೆ ಕಾಯಿಲೆ. ಹೊಟ್ಟೆಯ ಮೇಲ್ಗಡೆ ಹಿಡಿದಂತಾಗುತ್ತದೆ, ದವಡೆ ಸೆಳೆಯುತ್ತದೆ ಎಂದು ಬಾಗಿಲಲ್ಲಿ ಹೇಳಿದ್ದರು. ಇಪ್ಪತ್ತೇಳನೆಯ ಕುರ್ಚಿ, ಹಳದಿ ದೀಪ, ಸರದಿಯಲ್ಲಿ ಒಂಬತ್ತನೆಯವರು. ಸ್ವಲ್ಪ ಹೊತ್ತಿಗೆ ಆ ದೀಪ ಹಸಿರಾಯಿತು, ಅವರು ಸರದಿಯಲ್ಲಿ ನಲವತ್ತೊಂದನೆಯವರಾದರು. ಗುಣ ಕಾಣುತ್ತಿದೆ ಎಂದು ನನಗೆ ಸಮಾಧಾನವೇ ಆಯಿತು. ಆಮೇಲೆ ನೋಡಿದರೆ ಅವರು ನೀರಿನ ನಲ್ಲಿಯ ಹತ್ತಿರ ಗೋಡೆಗೆ ಒರಗಿ ನಿಂತಿದ್ದಾರೆ. ಕುರ್ಚಿಯಲ್ಲಿ ಒಬ್ಬ ತುಂಬು ಬಸುರಿ. ಕೈ ಮುರಿದುಕೊಂಡ ಗಂಡನ ಜೊತೆ ಬಂದವಳು, ಅವಳಿಗೆ ಯಾವ ಕಾಯಿಲೆಯೂ ಇಲ್ಲ. ನಾನು ಹುಲಿಗೆಮ್ಮನಿಗೆ ನಿಮ್ಮ ಜಾಗಕ್ಕೆ ಹೋಗಿ ಎಂದೆ. ಅವರು ಸೆರಗಿನಿಂದ ಹಣೆ ಒರೆಸಿಕೊಂಡು ಹೇಳಿದರು:

“ಇರ್ಲಿ ಬಿಡವ್ವ, ಆಕಿ ಎರಡು ಜೀವದಾಕಿ. ಆಕಿ ಕುಂದರ್ಲಿ. ನಾ ನಿಂದರ್ತೀನಿ.”

ಬಸ್ಸಿನಲ್ಲಿ, ಮದುವೆಮನೆಯಲ್ಲಿ ನಮ್ಮ ಜನ ಹೀಗೆ ಜಾಗ ಬಿಡುವುದನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ. ಎಷ್ಟು ಒಳ್ಳೆಯ ಜೀವ ಎಂದುಕೊಂಡು ಮುಂದೆ ಹೋದೆ. ಆ ಹಸಿರು ದೀಪ ಬಸುರಿಯದು, ಹುಲಿಗೆಮ್ಮನದಲ್ಲ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಹಣೆಯ ಬೆವರನ್ನು ಸೆಕೆ ಎಂದುಕೊಂಡೆ. ನಲವತ್ತು ನಿಮಿಷದ ನಂತರ ಅವರು ಅದೇ ನಲ್ಲಿಯ ಕೆಳಗೆ ಬಿದ್ದರು. ನಾನು ಓಡಿಹೋಗಿ ಕೈ ಹಿಡಿದಾಗ ನಾಡಿ ಇರಲಿಲ್ಲ. ಹೃದಯಾಘಾತ ಅವರು ಬರುವಾಗಲೇ ಶುರುವಾಗಿತ್ತು ಎಂದು ವೈದ್ಯರು ಹೇಳಿದರು.

ವಿಚಾರಣೆಯಾಯಿತು. ಕುರ್ಚಿಯಲ್ಲಿ ದೋಷವಿಲ್ಲ, ರೋಗಿಯೇ ನಿಯಮ ಮುರಿದು ಎದ್ದು ಹೋದರು, ಅದನ್ನು ಯಾರೂ ಗಮನಿಸಿರಲಿಲ್ಲ ಎಂದು ವರದಿ ಸಿದ್ಧವಾಗಿದೆ. ಇನ್ನು ಮೇಲೆ ರೋಗಿಗಳನ್ನು ಕುರ್ಚಿಗೆ ಪಟ್ಟಿಯಿಂದ ಬಿಗಿಯಬೇಕಂತೆ. ನಾಳೆ ಬೆಳಿಗ್ಗೆ ಹತ್ತಕ್ಕೆ ನಾನು ಸಹಿ ಹಾಕಬೇಕು. ಹಾಕಿದರೆ ಕೆಲಸ ಉಳಿಯುತ್ತದೆ. ಹುಲಿಗೆಮ್ಮ ಎದ್ದದ್ದು ನನಗೆ ಗೊತ್ತಿತ್ತು, ಅವರ ಬಾಯಿಂದಲೇ ಕೇಳಿಸಿಕೊಂಡೆ ಎಂದು ಒಪ್ಪಿಕೊಂಡರೆ ಇನ್ನು ಈ ಜನ್ಮದಲ್ಲಿ ರೋಗಿಯ ಹತ್ತಿರ ಹೋಗಲು ಬಿಡುವುದಿಲ್ಲ. ನಮ್ಮಲ್ಲಿ ತಪ್ಪೊಪ್ಪಿದವಳಿಗೆ ಎರಡನೆಯ ಅವಕಾಶವಿಲ್ಲ. ಹೆದರಿಕೆಯಾಗುತ್ತಿದೆ, ಸಿಸ್ಟರ್. ಬೇರೆ ಕೆಲಸ ನನಗೆ ಬರುವುದಿಲ್ಲ.

ವಿಚಾರಣೆಗೆ ಹಳೆಯ ಕಡತ ಹುಡುಕುವಾಗ ನಿಮ್ಮ ಪುಸ್ತಕ ಸಿಕ್ಕಿತು. ಮೊದಲ ಪುಟದಲ್ಲಿ ನಿಮ್ಮದೇ ತಪ್ಪು, ನಿಮ್ಮದೇ ಹೆಸರಿನಲ್ಲಿ. ಸೆಕೆ ತಾಳಲಾರದೆ ಇಬ್ಬರು ರೋಗಿಗಳು ಫ್ಯಾನಿನ ಕೆಳಗಿನ ಮಂಚ ಅದಲುಬದಲು ಮಾಡಿಕೊಂಡಿದ್ದರು. ನೀವು ಮಂಚದ ನಂಬರ್ ನೋಡಿ ಇಂಜೆಕ್ಷನ್ ಕೊಟ್ಟುಬಿಟ್ಟಿರಿ. ಅದರ ಕೆಳಗೆ, ಇನ್ನು ಮೇಲೆ ರೋಗಿಯ ಬಾಯಿಂದಲೇ ಹೆಸರು ಕೇಳಿ ಸೂಜಿ ಹಾಕಬೇಕು ಎಂದು ಬರೆದಿದ್ದೀರಿ. ನೀವು ಬರೆದ ಮೇಲೆ ಉಳಿದವರಿಗೂ ಧೈರ್ಯ ಬಂತು. ನಲವತ್ತೇಳು ತಪ್ಪುಗಳು, ಒಂದೊಂದರ ಕೆಳಗೂ ಏನು ಬದಲಾಯಿಸಿದಿರಿ ಎಂಬ ಸಾಲು. ಮೂವತ್ತೊಂದನೆಯದರ ಕೆಳಗೆ ಹೀಗಿದೆ: ಕಾಯುತ್ತಿರುವವರ ಹತ್ತಿರ ಕಾಲುಗಂಟೆಗೊಮ್ಮೆ ಹೋಗಬೇಕು, ಕೈ ಹಿಡಿದು ನೋಡಬೇಕು, ಗೋಳಾಡುವವರಿಗಿಂತ ಮೊದಲು ಸುಮ್ಮನಿರುವವರನ್ನು. ಹುಲಿಗೆಮ್ಮನನ್ನು ಉಳಿಸುವ ಉಪಾಯ ನೂರ ಹದಿನಾಲ್ಕು ವರ್ಷ ಇದೇ ಆಸ್ಪತ್ರೆಯ ಉಗ್ರಾಣದಲ್ಲಿ ಧೂಳು ತಿನ್ನುತ್ತಿತ್ತು.

ಕೊನೆಯ ತಪ್ಪು ಮಹಾನಂದಾ ಎಂಬ ಹೊಸ ನರ್ಸ್ ಬರೆದದ್ದು. ಅದರ ಕೆಳಗೆ 2027ರ ಜೂನ್ ಒಂಬತ್ತರ ತಾರೀಖು ಹಾಕಿ ನಿಮ್ಮ ಕೈಬರಹದಲ್ಲಿ ಹೀಗಿದೆ: “ಮಹಾನಂದಾಳನ್ನು ಇವತ್ತು ಸಸ್ಪೆಂಡ್ ಮಾಡಿದರು. ಈ ಪುಟವನ್ನೇ ತೋರಿಸಿ ಮಾಡಿದರು. ಇನ್ನು ಯಾರೂ ಇದರಲ್ಲಿ ಬರೆಯಬೇಡಿ.” ಆಮೇಲೆ ಪುಸ್ತಕದ ತುಂಬ ಖಾಲಿ ಹಾಳೆ.

ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಮಗಳ ವಯಸ್ಸಿನವಳನ್ನು ಉಳಿಸಿಕೊಳ್ಳಲು ನೀವು ಹಾಗೆ ಬರೆದಿರಿ. ಆದರೆ ಬರೆಯುವುದು ನಿಂತ ಮೇಲೆ ಹೇಳುವುದೂ ನಿಂತಿತು. ಇಲ್ಲಿ ತಪ್ಪುಗಳೇ ಆಗುವುದಿಲ್ಲ ಎಂದು ಮೇಲಿನವರು ನಂಬಿದರು, ಹಾಗೆ ನಂಬಿದ ಜಾಗಕ್ಕೆ ಕುರ್ಚಿಗಳು ಬಂದವು. ಈ ಕಾಗದ ಆ ಜೂನ್ ಒಂಬತ್ತಕ್ಕಿಂತ ಮೊದಲು ನಿಮಗೆ ಹೇಗಾದರೂ ತಲುಪಿದರೆ, ಕೈಮುಗಿದು ಕೇಳುತ್ತೇನೆ, ಆ ಕೊನೆಯ ಸಾಲು ಬರೆಯಬೇಡಿ. ಮಹಾನಂದಾಳ ಪರವಾಗಿ ಮೇಲಿನವರ ಮುಂದೆ ಹೋಗಿ ನಿಲ್ಲಿ. ಒಬ್ಬರೇ ಹೋಗಬೇಡಿ, ನಲವತ್ತೇಳು ತಪ್ಪು ಬರೆದವರನ್ನೆಲ್ಲ ಕರೆದುಕೊಂಡು ಹೋಗಿ. ತಲುಪುವುದಿಲ್ಲ ಎಂದು ನನಗೂ ಗೊತ್ತು.

ನಾಳೆ ಸಹಿ ಹಾಕುವುದಿಲ್ಲ. ವರದಿಯ ಬದಲು ನಿಮ್ಮ ಪುಸ್ತಕವನ್ನು ಅವರ ಮೇಜಿನ ಮೇಲಿಡುತ್ತೇನೆ. ನಿಮ್ಮ ಮಾತು ಮೀರಿದ್ದಕ್ಕೆ ಮನ್ನಿಸಿ. ಖಾಲಿ ಹಾಳೆಯಲ್ಲಿ ಈಗಷ್ಟೇ ಬರೆದಿದ್ದೇನೆ.

ನಲವತ್ತೆಂಟು. ಹುಲಿಗೆಮ್ಮ, ವಯಸ್ಸು 68. ತಾನು ಕುರ್ಚಿ ಬಿಟ್ಟುಕೊಟ್ಟೆ ಎಂದು ನನಗೆ ಹೇಳಿದರು. ನಾನು ಅವರ ಕೈ ಹಿಡಿದು ನೋಡಲಿಲ್ಲ. ದಾಕ್ಷಾಯಣಿ.