ಹಸಿ ಅಂಗಳದಲ್ಲಿ ಎರಡು ಸುತ್ತು

ಶೇಡಬಾಳ, ೧೯೯೯

ಉತ್ತಮ ದಾದಾ,

ನೀನು ತೀರಿಕೊಂಡ ಮೇಲೆ ಅವ್ವ ನಿನ್ನ ಗಣಿತದ ಓದಿನ ಮಾತು ಎತ್ತಿದ್ದು ನಿನ್ನೆಯೇ ಮೊದಲು. "ಧಾರವಾಡದಾಗ ನನ್ನ ಮಗ ಏನ್ ಮಾಡತಿದ್ದ, ನಿನಗರೆ ಗೊತ್ತೈತೇನು?" ಎಂದು ಕೇಳಿದಳು. ಅಕಾಲದ ಮಳೆ ಬಂದು ಅಂಗಳ ಹಸಿಯಾಗಿತ್ತು. ಗಾಲಿಯ ಗೆರೆಯಲ್ಲೇ ಬರೆದು ತೋರಿಸೋಣವೆಂದು ಟ್ರ್ಯಾಕ್ಟರ್ ತೆಗೆದೆ.

ಕೊನೆಯ ದೀಪಾವಳಿಗೆ ಬಂದಾಗ ಪಕ್ಕದಲ್ಲಿ ಕುಳಿತು ನೀನು ಹೊಡೆಸಿದ ಹಾಗೆಯೇ, ಮುಂದೆ ಹೋಗಿ, ರಿವರ್ಸ್ ಬಂದು, ಹೊರಟಲ್ಲಿಗೇ ಮುಟ್ಟುವ ಎರಡು ಬೇರೆ ಬೇರೆ ಸುತ್ತು ಹೊಡೆದೆ. ಗಾಲಿ ಮುಖವಿದ್ದ ಕಡೆಗಷ್ಟೇ ಹೋಗಬೇಕು, ಅಡ್ಡ ಜಾರಬಾರದು ಎಂಬ ನಿನ್ನ ನಿಯಮ ಮುರಿಯಲಿಲ್ಲ.

"ಎರಡೂ ಒಂದ ಕಾಣತಾವಲ್ಲೋ," ಎಂದಳು ಅವ್ವ.

ತಿರುವು, ರಿವರ್ಸು ಎಲ್ಲ ಸಮ ಇದ್ದರೂ ಆ ನಿಯಮ ಮುರಿಯದೆ ಒಂದನ್ನು ಮೆಲ್ಲಗೆ ಸರಿಸುತ್ತ ಇನ್ನೊಂದು ಮಾಡಲಾಗದು ಎಂದು ನೀನು ಅಂದು ಹೇಳಿದ್ದನ್ನೇ ಹೇಳಿದೆ. ಗೆರೆ ಗೆರೆಯನ್ನು ದಾಟುವಲ್ಲೆಲ್ಲ ಒಂದೊಂದು ಅಕ್ಷರವಿಟ್ಟು ಬೀಜಗಣಿತ ಮಾಡಿದರೆ ಆ ವ್ಯತ್ಯಾಸ ಹೊರಗೆ ಬರುತ್ತದೆ, ದಾದಾ ಮಾಡುತ್ತಿದ್ದದ್ದು ಅದನ್ನೇ ಎಂದೆ.

"ಹಂಗಾರ ಮಾಡಿ ತೋರ್ಸು."

"ನಾ ಸಾಲಿ ಕಲ್ತಿದ್ದ ನಾಕನೇತ್ತೆ ತನಕ, ಅವ್ವಾ."

ಅವ್ವ ಕತ್ತಲಾಗುವವರೆಗೆ ಕಟ್ಟೆಯ ಮೇಲೆ ಕುಳಿತು ಆ ಗೆರೆಗಳನ್ನು ನೋಡುತ್ತಿದ್ದಳು.

ಇಂದು ಬೆಳಿಗ್ಗೆ ಹಾಲು ಒಯ್ಯಲು ಬಂದ ನೆರೆಮನೆಯ ಭಾವುಸಾಹೇಬ ಅಂಗಳ ನೋಡಿ ನಕ್ಕ. "ಕಾಕೂ, ಯಾವ ಕುಡುಕ ಗಾಡಿ ಹೊಡದಾನ್ರಿ?"

"ತುಳೀಬ್ಯಾಡೋ, ಬಾಜೂಕ್ ಹಾದು ಬಾ," ಎಂದಳು ಅವ್ವ. "ನಮ್ಮ ಉತ್ತಮ ಬರದದ್ದ ಐತಿ."

ಸಂಜೆ ಕಬ್ಬಿನ ಟ್ರೇಲರ್ ಅದೇ ಅಂಗಳದಲ್ಲಿ ತಿರುಗಿಸಬೇಕಿತ್ತು. ರಸ್ತೆಯಲ್ಲೇ ನಿಲ್ಲಿಸಿ ಬಂದಿದ್ದೇನೆ.