ಬಚ್ಚಲುಮನೆಯ ಚಿಲಕ

ಭಾನುವಾರ, ಮಧ್ಯಾಹ್ನ

ಅಣ್ಣನ ಮನೆ ಸೇರಿರುವ ನನ್ನ ಮನೆಯೊಡತಿಗೆ,

ನಾನೊಂದು ಅಪರಾಧ ಎಸಗಿದ್ದೇನೆ. ಬಾಡಿಗೆಗೆ ಕೊಟ್ಟ ಮಹಡಿ ಮನೆಯೊಳಗೆ, ಮುಂಚಿತವಾಗಿ ತಿಳಿಸದೆ, ನನ್ನ ಬಳಿಯಿದ್ದ ಇನ್ನೊಂದು ಕೀಲಿಯಿಂದ ಹೊಕ್ಕಿದ್ದೇನೆ. ಬಾಡಿಗೆಗೆ ಕೊಟ್ಟ ಮೇಲೆ ಗೋಡೆ ಮಾಲೀಕನದು, ಬಾಗಿಲು ಬಾಡಿಗೆದಾರರದು ಎಂದು ಕಾನೂನು ತರಗತಿಯಲ್ಲಿ ಪಾಠ ಹೇಳಿ ಚಪ್ಪಾಳೆ ಗಿಟ್ಟಿಸಿದವನೂ ನಾನೇ.

ನರ್ಸಮ್ಮ ಡ್ಯೂಟಿಗೆ ಹೋಗಿದ್ದರು. ಬಚ್ಚಲುಮನೆಯ ಚಿಲಕ ಸಿಕ್ಕಿಕೊಳ್ಳುತ್ತದೆಂದು ಅವರು ಹೇಳುತ್ತಲೇ ಇದ್ದರು. ಕೆಟ್ಟದ್ದನ್ನು ತಿಳಿಸುವುದು ಬಾಡಿಗೆದಾರರ ಹೊಣೆ, ಅವರದು ಮುಗಿಯಿತು. ಒಡೆದದ್ದನ್ನು ಸರಿಮಾಡಿಸುವುದು ಒಡೆಯನ ಹೊಣೆ. ನಾನು ಮಾತ್ರ, "ನಿಮ್ಮ ಕೈಯಲ್ಲೇ ಕೆಟ್ಟಿದ್ದು, ನೀವೇ ಮಾಡಿಸ್ಕೊಳ್ಳಿ" ಎಂದೆ. ಅವರು ಒಳಗೇ ಸಿಕ್ಕಿಕೊಂಡು ಡ್ಯೂಟಿ ತಪ್ಪಿದಾಗಲೂ ಅದೇ ವಾದ. ನೀನು ಬ್ಯಾಗು ತುಂಬುತ್ತ, "ಕೆಳಗೆ ನಿಮ್ಮ ವಾದ, ಮೇಲೆ ಅವರ ಗೋಳು. ಮಧ್ಯೆ ಮೆಟ್ಟಿಲು ಹತ್ತಿ ಇಳಿದು ಸಾಕಾಯ್ತು ಕಣ್ರೀ. ಅವರಿಗೆ ತಪ್ಪಾಯ್ತು ಅಂತ ಹೇಳಿ. ಹೇಳಿದ್ರು ಅಂತ ಅವರೇ ಫೋನ್ ಮಾಡ್ಲಿ, ಬರ್ತೀನಿ" ಎಂದೆ.

ದಣಿದಿದ್ದೇನೆ. ಬಾಡಿಗೆ ಬರುತ್ತದೆ, ಮುಖ ಮಾತ್ರ ಬಾಡಿಯೇ ಇರುತ್ತದೆ. ಅನ್ನಕ್ಕಿಟ್ಟರೆ ಒಂದು ದಿನ ನೀರು, ಒಂದು ದಿನ ಗಾರೆ. ವಾದಿಸೋಣವೆಂದರೆ ಎದುರುಪಕ್ಷವೇ ಇಲ್ಲ.

ಹಾಗಂತ ಸೋತೆನೆಂದು ತಿಳಿಯಬೇಡ. ಇಂದು ಚಿಲಕವನ್ನು ಖುದ್ದಾಗಿ ಪರೀಕ್ಷಿಸಿದೆ. ಬಾಗಿಲು ತೆರೆದಿಟ್ಟುಕೊಂಡು ಹಿಂದೆ ಮುಂದೆ ಎಳೆದೆ. ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸು. ಚಿಲಕವೂ ಸರಿಯಿದೆ, ನಾನೂ ಸರಿಯಿದ್ದೇನೆ. ತೀರ್ಪು ನನ್ನ ಪರವಾಗಿದೆ. ನೀನು ಹೊರಟು ಬರಬಹುದು.

ಇಂತಿ,
ಎದುರುಪಕ್ಷವಿಲ್ಲದೆ ಸೊರಗಿದ
ನಿನ್ನವ

ವಿ.ಸೂ.: ತೀರ್ಪು ಬರೆಯುವ ಮುನ್ನ, ಕೊನೆಯದಾಗಿ ಒಮ್ಮೆ ಬಾಗಿಲು ಮುಚ್ಚಿ ಒಳಗಿನಿಂದ ಚಿಲಕ ಹಾಕಿದ್ದೆ. ಆಮೇಲೆ ಅದು ಜಪ್ಪಯ್ಯ ಅಂದರೂ ಸರಿಯಲಿಲ್ಲ. ಮೇಲಿನದೆಲ್ಲ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು, ತಪಾಸಣೆಯ ವರದಿಗೆಂದು ತಂದ ಕಾಗದದಲ್ಲಿ ಬರೆದದ್ದು. ಈಗ ನರ್ಸಮ್ಮ ಬಂದಿದ್ದಾರೆ. ಒಳಗೆ ಯಾರೆಂದು ಕೇಳಿದರು. ಮಾಲೀಕ ಎಂದೆ. "ನಿಮ್ಮ ಕೈಯಲ್ಲೇ ಕೆಟ್ಟಿದ್ದಲ್ವಾ ಸಾರ್, ನೀವೇ ಮಾಡಿಸ್ಕೊಳ್ಳಿ" ಎಂದರು. ತಪ್ಪಾಯ್ತು ತಾಯಿ ಎಂದೆ, ಬಾಗಿಲಿಗೆ ಬಾಯಿಟ್ಟು, ಜೋರಾಗಿ. ಬಡಗಿಯನ್ನು ಕರೆಸುತ್ತಾರಂತೆ, ಅದಕ್ಕೂ ಮೊದಲು ನಿನಗೆ ಫೋನಂತೆ. ಸ್ಪೀಕರ್ ಹಾಕಿದ್ದಾರೆ. ಇಬ್ಬರು ನಗುವುದು ಕೇಳಿಸುತ್ತಿದೆ. ಅದರಲ್ಲಿ ಒಂದು ನಗು ಕೇಳಿ ಎಷ್ಟೋ ದಿನವಾಗಿತ್ತು.