ಬಾಸ್ ಗಿಟಾರಿನ ಮೇಲಿನ ಬಳೆ ಗೀರು

ಹುಬ್ಬಳ್ಳಿ
ಫೆಬ್ರವರಿ ೩೦, ೨೧೯೯

ಶೈಲಾ ಕಮ್ಮಾರ ಅವರಿಗೆ,

ತಾರೀಖು ನೋಡಿ ನಗಬೇಡಿ. ನಿಮ್ಮ ಕಾಲದಲ್ಲಿ ಫೆಬ್ರವರಿಗೆ ಇಪ್ಪತ್ತೆಂಟೋ ಇಪ್ಪತ್ತೊಂಬತ್ತೋ ದಿನ. ನಮ್ಮವರು ಪಾಪ ಎಂದು ಮೂವತ್ತು ತುಂಬಿಸಿಕೊಟ್ಟಿದ್ದಾರೆ. ಆ ಹೆಚ್ಚಿನ ದಿನ ಯಾರೂ ಕೆಲಸಕ್ಕೆ ಹೋಗುವುದಿಲ್ಲ. ತೀರಿಹೋದ ಹಿರಿಯರಲ್ಲಿ ಒಬ್ಬರನ್ನು ಆರಿಸಿಕೊಂಡು ಕಾಗದ ಬರೆಯುತ್ತೇವೆ. ಇದಕ್ಕೆ ಹಿನ್ನೋಲೆ ಎಂದು ಹೆಸರು, ಹಿಂದಕ್ಕೆ ಹೋಗುವ ಓಲೆ. ಅಂಚೆಯವರು ಮುದ್ರೆ ಒತ್ತಿ ತೆಗೆದುಕೊಳ್ಳುತ್ತಾರೆ. ಮುಟ್ಟುತ್ತದೋ ಇಲ್ಲವೋ ಅವರಿಗೂ ಗೊತ್ತಿಲ್ಲ. ನನ್ನ ಮಾತುಗಳು ವಿಚಿತ್ರ ಅನ್ನಿಸಿದರೆ ಕ್ಷಮಿಸಬೇಕು. ನೀವು ನನ್ನ ಅವ್ವನ ಅಜ್ಜಿಯ ಅಜ್ಜಿ. ನಾನು ಬರೆಯುತ್ತಿರುವುದು ಮೂವತ್ತೈದರ ನಿಮಗೆ, ನನಗೋ ನಲವತ್ತೊಂಬತ್ತು. ಆದರೂ ಅಜ್ಜಿ ಎನ್ನದೆ ವಿಧಿಯಿಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ನಾವೀಗ ಪದರಮನೆಗಳಲ್ಲಿದ್ದೇವೆ. ಬೆರಳು ದಪ್ಪದ ಗೋಡೆ, ಒಂದರ ಮೇಲೊಂದು ಅರವತ್ತು ಮನೆ. ಕೆಳಗಿನ ಮನೆಯಲ್ಲಿ ರೊಟ್ಟಿ ಬಡಿದರೆ ಮೇಲಿನ ಮನೆಯ ಲೋಟ ನಡುಗುತ್ತದೆ, ಹಾಗಾಗಿ ಜೋಳದ ರೊಟ್ಟಿಯನ್ನೂ ಲಟ್ಟಿಸಿಯೇ ಮಾಡುತ್ತೇವೆ. ಹರಿಯುತ್ತದೆ, ಏನು ಮಾಡುವುದು. ದಪ್ಪ ಸದ್ದಿಗೆ ಊರಲ್ಲೆಲ್ಲ ನಿಷೇಧ. ಕೊಳಲು ನಡೆಯುತ್ತದೆ, ಡೊಳ್ಳು ನಡೆಯುವುದಿಲ್ಲ. ಬಾಸ್ ಗಿಟಾರ್ ಅಂತೂ ಕೇಳಲೇಬೇಡಿ.

ಆದ್ದರಿಂದ ನಾವು ಬಾಸ್‌ಗಳನ್ನು ಬರೀ ನೋಡುತ್ತೇವೆ. ಹಳೆಯ ಗೋದಾಮುಗಳಲ್ಲಿ, ಮುಚ್ಚಿದ ಕಲ್ಯಾಣ ಮಂಟಪಗಳಲ್ಲಿ ಸಿಕ್ಕಿದ್ದನ್ನು ನೋಟಮನೆಯ ಗೋಡೆಗೆ ತೂಗುಹಾಕುತ್ತಾರೆ, ಜನ ಸಾಲಾಗಿ ಬಂದು ಕಣ್ತುಂಬಿಸಿಕೊಂಡು ಹೋಗುತ್ತಾರೆ. ಅಲ್ಲಿ ನಾನು ಗುರುತುಗಾರ್ತಿ. ಯಾವ ಬಾಸ್ ಯಾವ ಮಾದರಿಯದು ಎಂದು ಹೇಳುವುದು, ಅದನ್ನು ಸಜ್ಜುಮಾಡುವುದು ನನ್ನ ಕೆಲಸ. ಜಂಬ ಎಂದುಕೊಳ್ಳಬೇಡಿ, ನೆರಳು ನೋಡಿ ಹೇಳಬಲ್ಲೆ. ಪ್ರಿಸಿಷನ್ ಗಟ್ಟಿಮುಟ್ಟಾದದ್ದು, ತಂತಿಯ ನಡುಕ ಹಿಡಿಯುವ ಪಿಕಪ್ ಅದರಲ್ಲಿ ಎರಡು ತುಂಡಾಗಿ, ಒಂದು ತುಸು ಮುಂದೆ, ಒಂದು ತುಸು ಹಿಂದೆ ಕೂತಿರುತ್ತದೆ. ಜಾಝ್ ಬಾಸ್‌ನ ಸೊಂಟ ಒಂದು ಕಡೆ ವಾಲಿದೆ, ಕತ್ತು ತೆಳು, ಪಿಕಪ್ ಎರಡು ನೆಟ್ಟನೆಯ ಪಟ್ಟಿ. ಸ್ಟಿಂಗ್‌ರೇಯ ತಲೆ ನೋಡಿದರೆ ಸಾಕು: ತಂತಿ ಬಿಗಿಯುವ ಕಿವಿಗಳಲ್ಲಿ ಮೂರು ಒಂದು ಕಡೆ, ಇನ್ನೊಂದು ಮಾತ್ರ ಜಗಳವಾಡಿ ಬೇರೆ ಮನೆ ಮಾಡಿದಂತೆ ಆಚೆ ಕಡೆ. ಪಿಟೀಲಿನ ಮೈಯ ಹಾಫ್ನರ್ ಎಷ್ಟು ಹಗುರವೆಂದರೆ ಮೊದಲ ಸಲ ಎತ್ತಿದಾಗ ಹೆದರಿ ಕೆಳಗಿಟ್ಟಿದ್ದೆ. ಇವುಗಳ ಮೇಲೆ ನನಗೆ ಪ್ರೀತಿ, ಹುಚ್ಚು ಎಂದರೂ ಸರಿಯೇ. ಒಂದರ ಸದ್ದನ್ನೂ ಕೇಳಿದವಳಲ್ಲ.

ಕಳೆದ ಶ್ರಾವಣದಲ್ಲಿ ಕೇಶ್ವಾಪುರದ ಕಡೆ ಒಂದು ಹಳೆಯ ಕಲ್ಯಾಣ ಮಂಟಪ ಕೆಡವಿದಾಗ ಬಿಳಿಯ ಬಾಸ್ ಒಂದು ಸಿಕ್ಕಿತು. ಮೈ ಜಾಝ್‌ನದು, ಪಿಕಪ್ ಪ್ರಿಸಿಷನ್‌ನದು, ತಲೆಯ ಮೇಲೆ ಹೆಸರಿಲ್ಲ. ಯಾರೋ ಬಡಗಿ ಎರಡನ್ನೂ ನೋಡಿ, ಎರಡೂ ಇಷ್ಟವಾಗಿ, ಯಾವುದನ್ನೂ ಬಿಡಲಾರದೆ ಕಟ್ಟಿದ ನಕಲು. ನೋಡಿದ ಕೂಡಲೇ ಮನಸ್ಸು ಸೋತಿತು. ಆದರೆ ಬಲಗೈ ಒರಗುವ ಅಂಚಿನಲ್ಲಿ ನೂರಾರು ಸಣ್ಣ ಗೀರು, ಎಲ್ಲವೂ ಕಮಾನಿನ ಹಾಗೆ ಬಾಗಿದವು. ಎದೆಯ ಮೇಲಿನ ಪ್ಲಾಸ್ಟಿಕ್ ತಗಡಿನ ಮೂಲೆಗೆ ಅಳತೆ ಮೀರಿದ ಹಿತ್ತಾಳೆ ಸ್ಕ್ರೂ. ನಮ್ಮ ಕಸುಬಿನಲ್ಲಿ ಒಂದು ನೇಮವಿದೆ. ಬಾಸ್ ಕಟ್ಟಿದ ದಿನ ಹೇಗಿತ್ತೋ ಹಾಗೆಯೇ ಕಾಣಬೇಕು. ನುಡಿಸಿದವರ ಗುರುತೆಲ್ಲ ನಮಗೆ ಕೊಳೆ. ನಾನು ಅದನ್ನು ಮನೆಗೆ ತಂದು, ಆ ಸ್ಕ್ರೂ ಕಿತ್ತು ಸರಿಯಳತೆಯದು ಹಾಕಿ, ಹನ್ನೊಂದು ದಿನ ಉಜ್ಜಿದೆ.

ಆ ಹನ್ನೊಂದು ದಿನವೂ ಅವ್ವ ಅದೇ ಕೋಣೆಯಲ್ಲಿ ಕೂತಿದ್ದಳು. ಎಂಬತ್ತೊಂದು ವರ್ಷ, ಕಣ್ಣು ಹೋಗಿ ಹತ್ತು ವರ್ಷವಾಯಿತು, ಕಿವಿಯೂ ಈಚೆಗೆ ಮಂದ. ನನ್ನ ನೋಟಮನೆಯಲ್ಲಿ ಅವಳಿಗೆ ಏನೂ ಇಲ್ಲ, ಬೆರಳಿಗೆ ಸಿಕ್ಕಿದ್ದೇ ಅವಳ ಲೋಕ. ಮೂರನೆಯ ದಿನ ಕೇಳಿದಳು, “ಅದರ ಮ್ಯಾಲ ಗೀರು ಅದಾವೇನ?” ಅದಾವ, ಎಲ್ಲಾ ತಗೀತೀನಿ, ನೀ ಸುಮ್ನ ಕೂಡು ಎಂದೆ. “ನಮ್ಮ ಶೈಲಜ್ಜಿ ಬಾಸಿಗೂ…” ಎಂದು ಅವಳು ಶುರು ಮಾಡಿದಳು. ಆಮ್ಯಾಲ ಹೇಳವ್ವಾ, ಕೈಯಾಗ ಕೆಲಸ ಐತಿ ಎಂದು ಬಾಯಿ ಮುಚ್ಚಿಸಿದೆ. ನಾನು ಉಜ್ಜುತ್ತಲೇ ಇದ್ದೆ.

ತೂಗುಹಾಕುವ ದಿನ ಹೆಮ್ಮೆಯಿಂದ ಅವಳನ್ನು ಕರೆದುಕೊಂಡು ಹೋದೆ. ಗುರುತುಗಾರರ ಮನೆಯವರಿಗೆ ಅವತ್ತೊಂದು ದಿನ ಮುಟ್ಟಲು ಬಿಡುತ್ತಾರೆ. ಅವ್ವನ ಬೆರಳು ನೇರ ಬಲಗೈ ಒರಗುವ ಅಂಚಿಗೆ ಹೋಗಿ, ಅಲ್ಲೇ ಹಿಂದೆ ಮುಂದೆ ಓಡಾಡಿತು. “ಭಾಳ ನುಣುಪ ಮಾಡೀಯವ್ವಾ” ಎಂದಳು. ಆಮೇಲೆ, ನಾನು ತಡೆದಿದ್ದ ಕಥೆಯನ್ನು ಅಲ್ಲೇ ನಿಂತು ಮುಗಿಸಿದಳು. ನೀವು ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದಿರಿ, ಡ್ಯೂಟಿ ಮುಗಿಸಿ ಮದುವೆಗಳ ಆರ್ಕೆಸ್ಟ್ರಾದಲ್ಲಿ ಬಾಸ್ ನುಡಿಸುತ್ತಿದ್ದಿರಿ. ಸ್ಕ್ರೂ ಕಳೆದಾಗ ಬೋಗಿಯದೊಂದು ತಂದು ಹಾಕಿದಿರಿ. ಗಾಜಿನ ಬಳೆ ಮರಕ್ಕೆ ತಾಗಿ ಕಿರ್ರೆನ್ನುತ್ತದೆ, ತೆಗೆದಿಡು ಎಂದು ಆರ್ಕೆಸ್ಟ್ರಾದ ಯಜಮಾನ ಗದರಿದಾಗ “ಬಳಿ ತಗಿಯಂಗಿಲ್ಲ, ಬೇಕಾರ ಬಾಸ್ ಇಡ್ತೀನಿ” ಎಂದಿರಂತೆ. ಅವ್ವನ ಅಜ್ಜಿ ಚಿಕ್ಕವಳಿದ್ದಾಗ ನಿಮ್ಮ ತೊಡೆಯ ಮೇಲೆ ಕೂತು ಆ ಗೀರುಗಳ ಮೇಲೆ ಬೆರಳಾಡಿಸುತ್ತಿದ್ದಳಂತೆ. ಆಮೇಲೆ ಆ ಬಾಸ್ ಎಲ್ಲಿ ಹೋಯಿತೋ ಯಾರಿಗೂ ತಿಳಿದಿರಲಿಲ್ಲ.

ಮನೆಗೆ ಬಂದು ಅವ್ವನ ಟ್ರಂಕು ತೆರೆದೆ. ಅವಳು ಎಷ್ಟು ಸಲ ಕರೆದರೂ ನಾನು ಕೂತು ನೋಡದ ಟ್ರಂಕು. ತಳದಲ್ಲಿ ನಿಮ್ಮ ಫೋಟೊ: ವೇದಿಕೆ, ಬಿಳಿ ಬಾಸ್, ಬಲಗೈ ತುಂಬ ಬಳೆ, ತಗಡಿನ ಮೂಲೆಯಲ್ಲಿ ಅದೇ ದೊಡ್ಡ ಸ್ಕ್ರೂ. ಪುಣ್ಯಕ್ಕೆ ಸ್ಕ್ರೂ ನನ್ನ ಡಬ್ಬಿಯಲ್ಲಿತ್ತು. ಅವ್ವನ ಅಂಗೈಗಿಟ್ಟೆ. ಬಹಳ ಹೊತ್ತು ಮುಷ್ಟಿಯಲ್ಲಿ ಹಿಡಿದು ಕೂತಳು. ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ನೂರ ನಲವತ್ತು ಮಾದರಿ ಗುರುತಿಸುವ ನಾನು ನಮ್ಮ ಮನೆಯದೊಂದನ್ನು ಗುರುತಿಸಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಇಲ್ಲಿ ಮಾಡಿದವಳು ನಾನು, ಉಣ್ಣುತ್ತಿರುವವಳು ಅವ್ವ. ಹಳೆಯ ಸ್ಕ್ರೂ ವಾಪಸ್ ಹಾಕಿದ್ದಕ್ಕೆ ನೋಟಮನೆಯವರು ಅದು ಊನವಾದ ಬಾಸ್ ಎಂದು ಗೋಡೆಯಿಂದ ಇಳಿಸಿದರು, ಮನೆಗೆ ತಂದೆ. ಅವ್ವ ದಿನವೂ ಆ ಸ್ಕ್ರೂ ಮುಟ್ಟುತ್ತಾಳೆ. ಆಮೇಲೆ ಬೆರಳು ಅಂಚಿಗೆ ಹೋಗುತ್ತದೆ, ಹುಡುಕುತ್ತದೆ, ವಾಪಸ್ ಬರುತ್ತದೆ. ಅದನ್ನು ನೋಡುವುದು ನನ್ನಿಂದ ಆಗುತ್ತಿಲ್ಲ ಅಜ್ಜಿ.

ಇವತ್ತು ನಿಮಗೆ ಎಲ್ಲಾದರೂ ಮದುವೆಯ ಕಾರ್ಯಕ್ರಮ ಇರಬಹುದು. ಯಾರು ಗದರಿದರೂ ಬಳೆ ತೆಗೆಯಬೇಡಿ. ಇನ್ನೂ ಎರಡು ಹೆಚ್ಚಿಗೆ ಹಾಕಿಕೊಳ್ಳಿ, ಕೈ ಒತ್ತಿ ನುಡಿಸಿ, ಗೀರು ಬಣ್ಣ ದಾಟಿ ಮರಕ್ಕೆ ಇಳಿಯಲಿ. ನನ್ನ ಕೈ ಎಂಥದ್ದೆಂದು ನನಗೆ ಗೊತ್ತು. ಹನ್ನೊಂದು ದಿನ ಉಜ್ಜಿದರೂ ಹೋಗದಷ್ಟು ಆಳವಾಗಿ ಗೀರಿಬಿಡಿ.

ನಿಮ್ಮ ಮೊಮ್ಮಗಳ ಮೊಮ್ಮಗಳ ಮಗಳು,
ಮುಕ್ತಾ